ಒಂಟಿ ಜೇನಿಗೆ ಬೀ ಹೋಟೆಲ್: ದುಡ್ಡು ಕೊಟ್ಟು ತಗೊಳ್ಳಬೇಕಾ?

ಗುಂಪಿಲ್ಲದೆ ಒಂಟಿಯಾಗಿ ಬಾಳುವ ಜೇನುಗಳು ಬಂದು ಗೂಡು ಕಟ್ಟಲಿ ಅಂತ ಗೋಡೆಗೆ ಹಾಕುವ ಒಂದು ಮರದ ಪೆಟ್ಟಿಗೆ ಈಗ ಆನ್‌ಲೈನ್ ಅಂಗಡಿಗಳಲ್ಲಿ ಬೀ ಹೋಟೆಲ್ ಎಂಬ ಹೆಸರಲ್ಲಿ ಸಿಗುತ್ತದೆ. ಪುಟ್ಟ ಮನೆಯ ಆಕಾರ. ಮೇಲೆ ಇಳಿಜಾರು ಸೂರು, ಒಳಗೆ ಬಿದಿರಿನ ತುಂಡುಗಳು, ತೂತು ಕೊರೆದ ಮರದ ದಿಮ್ಮಿ, ಕೆಳಗೆ ಪೈನ್ ಕಾಯಿ ಮತ್ತು ತೊಗಟೆ ಚೂರು ತುಂಬಿದ ಖಾನೆ, ಮುಂದೆ ತಂತಿ ಜಾಲರಿ. ನನಗೆ 900 ರೂಪಾಯಿ ಹತ್ತಿರ ಬಿತ್ತು. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯ ಹಿಂದಿನ ಗೋಡೆಗೆ ಹಾಕಿದ್ದೇನೆ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ನೋಡಿದ ಮೇಲೆ ಬರೆಯುತ್ತಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಪೆಟ್ಟಿಗೆ ಸಾಧಾರಣ, ಅರ್ಧ ಭಾಗ ಬರೀ ಅಲಂಕಾರ. ಆದರೆ ಹಿತ್ತಲಲ್ಲಿ ಯಾರ್ಯಾರು ಗೂಡು ಕಟ್ಟುತ್ತಿದ್ದಾರೆ ಅಂತ ಗುರುತು ಹಿಡಿಯಲು ಕಲಿಯಬೇಕಾದರೆ ಕೊಳವೆಗಳ ಇಂಥದ್ದೊಂದು ಕಟ್ಟು ಗೋಡೆ ಮೇಲೆ ಇರಲೇಬೇಕು. ಯಾಕೆಂದರೆ ಹಾರುವ ಹುಳ ಕಣ್ಣಿಗೆ ಸಿಗುವುದು ಒಂದೆರಡು ಕ್ಷಣ ಅಷ್ಟೇ. ಅದು ಕೊಳವೆಯ ಬಾಯಿಗೆ ಹಾಕಿ ಹೋದ ಮುಚ್ಚಳ ವಾರಗಟ್ಟಲೆ ಅಲ್ಲೇ ಇರುತ್ತದೆ. ಎಲೆಯಾ, ಮಣ್ಣಾ, ಅಂಟಾ ಅಂತ ನೋಡಿದರೆ ಸಾಕು, ಒಳಗಿರುವುದು ಯಾರು ಅಂತ ಅರ್ಧ ಗೊತ್ತಾಗಿಬಿಡುತ್ತದೆ.

ಜೇನು ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಹೆಜ್ಜೇನು, ತುಡುವೆ, ಕೋಲುಜೇನು. ಜೇನುಹುಟ್ಟು, ರಾಣಿ, ಸಾವಿರಾರು ಕೆಲಸಗಾರರು, ತುಪ್ಪ. ಆದರೆ ಪ್ರಪಂಚದಲ್ಲಿ 20,000ಕ್ಕೂ ಜಾಸ್ತಿ ಜಾತಿಯ ಜೇನುಗಳಿವೆ, ಅದರಲ್ಲಿ ಬಹುಪಾಲು ಒಂಟಿ ಜೇನುಗಳು. ರಾಣಿ ಇಲ್ಲ, ಕೆಲಸಗಾರರಿಲ್ಲ. ಒಂದೊಂದು ಹೆಣ್ಣು ಒಬ್ಬಳೇ ಗೂಡು ಮಾಡಿ, ಒಬ್ಬಳೇ ಪರಾಗ ಮತ್ತು ಮಕರಂದ ತಂದು ಉಂಡೆ ಮಾಡಿ, ಅದರ ಮೇಲೆ ಒಂದು ಮೊಟ್ಟೆ ಇಟ್ಟು, ಗೋಡೆ ಕಟ್ಟಿ, ಮತ್ತೆ ಮುಂದಿನ ಕೋಣೆ ಶುರು ಮಾಡುತ್ತದೆ. ಕೊಳವೆ ತುಂಬಿದ ಮೇಲೆ ಬಾಯಿ ಮುಚ್ಚಿ ಹೊರಟುಹೋಗುತ್ತದೆ. ಕಾಯುವುದಕ್ಕೆ ತುಪ್ಪವೂ ಇಲ್ಲ, ಸಂಸಾರವೂ ಇಲ್ಲ, ಹಾಗಾಗಿ ಮೇಲೆ ಬಿದ್ದು ಕಚ್ಚುವ ಸ್ವಭಾವವೇ ಇಲ್ಲ. ಕೈಯಲ್ಲಿ ಹಿಡಿದು ಹಿಸುಕಿದರೆ ಕುಟುಕಬಹುದು.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ ಎಂದರೆ, ಪೆಟ್ಟಿಗೆ ಹಾಕಿದ ಮೇಲೆ ಪಕ್ಕದ ಮನೆ ಆಂಟಿ ಕಾಂಪೌಂಡ್ ಹತ್ತಿರ ಬಂದು "ಜೇನು ಸಾಕ್ತಿದ್ದೀರಂತೆ, ನಮ್ಮ ಮೊಮ್ಮಗಳು ಇಲ್ಲೇ ಆಡ್ತಿರ್ತಾಳೆ, ಸ್ವಲ್ಪ ಯೋಚ್ನೆ ಮಾಡಿಯಮ್ಮ" ಎಂದರು. ಅವರು ಕೇಳಿದ್ದು ಸರಿಯಾಗಿಯೇ ಇದೆ. ನಾನು ಅವರನ್ನು ಕರೆದು ಪೆಟ್ಟಿಗೆ ಮುಂದೆ ಕೂರಿಸಿ ತೋರಿಸಿದೆ. ಆಮೇಲೆ ಆ ಮೊಮ್ಮಗಳೇ ಸಂಜೆ ಬಂದು ಯಾವ ತೂತು ಮುಚ್ಚಿದೆ, ಯಾವುದು ತೆರೆದಿದೆ ಅಂತ ಹೇಳಲು ಶುರು ಮಾಡಿದಳು.

ಈಗ ಮುಚ್ಚಳಗಳ ವಿಷಯ. ಈ ಪೆಟ್ಟಿಗೆಯ ನಿಜವಾದ ಬೆಲೆ ಇರುವುದು ಇಲ್ಲಿ.

ಹಸಿರು ಎಲೆಯ ಮುಚ್ಚಳ ಇದ್ದರೆ ಎಲೆ ಕತ್ತರಿಸುವ ಜೇನು. ಮೆಗಾಕೈಲ್ ಗುಂಪಿನದು. ನಿಮ್ಮ ಗುಲಾಬಿ ಗಿಡದ ಎಲೆಯಂಚಿನಲ್ಲಿ ಅರ್ಧ ಚಂದ್ರದ ಹಾಗೆ ನೀಟಾಗಿ ಕತ್ತರಿಸಿದ ಗುರುತು ಕಂಡಿದ್ದರೆ ಅದು ಇದರದ್ದೇ ಕೆಲಸ. ಹುಳ ತಿಂದ ಎಲೆ ಹೀಗಿರುವುದಿಲ್ಲ, ಅಂಚು ಒರಟಾಗಿರುತ್ತದೆ, ಹಿಕ್ಕೆ ಬಿದ್ದಿರುತ್ತದೆ. ಇದು ಎಲೆಯನ್ನು ತಿನ್ನುವುದೇ ಇಲ್ಲ. ಉದ್ದನೆಯ ತುಂಡುಗಳಿಂದ ಕೋಣೆಯ ಗೋಡೆ, ದುಂಡನೆಯ ತುಂಡುಗಳಿಂದ ಮುಚ್ಚಳ. ಹಳೆಯ ಕೊಳವೆಯೊಂದನ್ನು ಸೀಳಿ ನೋಡಿದಾಗ ಒಳಗಿದ್ದ ಒಣಗಿದ ಕೋಣೆಗಳು ಬೀಡಿ ಸುತ್ತಿದ ಹಾಗೆ ಒಂದರ ಹಿಂದೆ ಒಂದು ಇದ್ದವು. ಜೇನನ್ನೇ ನೋಡುವ ಅವಕಾಶ ಸಿಕ್ಕರೆ ಹೊಟ್ಟೆಯ ಅಡಿಭಾಗ ನೋಡಿ. ತುಡುವೆ ಜೇನು ಪರಾಗವನ್ನು ಹಿಂಗಾಲಿನಲ್ಲಿ ಉಂಡೆ ಕಟ್ಟಿ ತರುತ್ತದೆ. ಮೆಗಾಕೈಲ್ ಹೆಣ್ಣು ಹೊಟ್ಟೆಯ ಕೆಳಗಿನ ಕೂದಲಿಗೆ ಪುಡಿ ಮೆತ್ತಿಕೊಂಡು ಬರುತ್ತದೆ, ಹಳದಿ ಹೊಟ್ಟೆ ದೂರದಿಂದಲೇ ಕಾಣುತ್ತದೆ. ಗುಲಾಬಿ ಬೆಳೆಯುವವರು ದಯವಿಟ್ಟು ಇದಕ್ಕೆ ಔಷಧಿ ಹೊಡೆಯಬೇಡಿ. ನಾಲ್ಕು ಎಲೆಯ ಅಂಚು ಹೋದರೆ ಗಿಡಕ್ಕೆ ಏನೂ ಆಗುವುದಿಲ್ಲ.

ಮಣ್ಣಿನ ಮುಚ್ಚಳ ಸ್ವಲ್ಪ ಕಷ್ಟ. ಜೇನೂ ಮಣ್ಣು ಹಾಕುತ್ತದೆ, ಕಣಜವೂ ಹಾಕುತ್ತದೆ. ಮೆಗಾಕೈಲ್ ಲನಾಟಾ ಅಂತ ಒಂದಿದೆ, ಎದೆಯ ಮೇಲೆ ಕೆಂಗಂದು ಕೂದಲು ದಟ್ಟವಾಗಿರುತ್ತದೆ. ಇದು ಎಲೆಯ ಬದಲು ಜೇಡಿಮಣ್ಣು ಬಳಸುತ್ತದೆ. ಬೀಗದ ತೂತು, ಪೈಪಿನ ತುದಿ, ಕಪಾಟಿನಲ್ಲಿ ಮುಟ್ಟದೆ ಬಿಟ್ಟ ಪುಸ್ತಕದ ಬೆನ್ನು, ಎಲ್ಲಾದರೂ ಸರಿ. ಮಂಡ್ಯ ಕಡೆ ನಮ್ಮ ಸಂಬಂಧಿಕರ ಜಮೀನಿನಲ್ಲಿ ಪಂಪ್‌ಸೆಟ್ ಮನೆಯ ಸ್ವಿಚ್ ಬೋರ್ಡಿನ ತೂತುಗಳೆಲ್ಲ ಮಣ್ಣಿನಿಂದ ಮುಚ್ಚಿದ್ದವು, ಯಾರೋ ಹುಡುಗರು ಮೆತ್ತಿದ್ದಾರೆ ಅಂತ ಅವರು ತಿಳಿದಿದ್ದರು. ಅಲ್ಲಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಇರುತ್ತದೆ. ತೊಗರಿ ಹೂವಿನ ಪರಾಗ ಸಾಗಿಸುವುದರಲ್ಲಿ ಮೆಗಾಕೈಲ್ ಜೇನುಗಳದು ದೊಡ್ಡ ಪಾಲು. ಹೂವಿನ ಮೇಲೆ ಕೂತು, ಕೆಳಗಿನ ಎಸಳನ್ನು ಭಾರದಿಂದ ಬಾಗಿಸಿ ಹೂವನ್ನು ಬಿಚ್ಚಿಸುತ್ತದೆ. ಪಂಪ್‌ಸೆಟ್ ಮನೆಯ ತೂತಿಗೂ ಹೊಲದ ತೊಗರಿಗೂ ಇರುವ ಸಂಬಂಧ ಇದು. ಅವರು ಈಗ ವೈರ್ ಇರುವ ತೂತುಗಳನ್ನು ಮಾತ್ರ ಟೇಪ್ ಹಾಕಿ ಮುಚ್ಚಿ, ಪಕ್ಕದಲ್ಲೇ ಒಂದು ಬಿದಿರಿನ ಕಟ್ಟು ನೇತುಹಾಕಿದ್ದಾರೆ.

ಹಾಗಾದರೆ ಮಣ್ಣು ಹಾಕಿದ್ದು ಜೇನೋ ಕಣಜವೋ ಅಂತ ತಿಳಿಯುವುದು ಹೇಗೆ? ಏನು ಹೊತ್ತು ತರುತ್ತಿದೆ ನೋಡಿ. ಪರಾಗ ತಂದರೆ ಜೇನು. ಎಲೆ ತಿನ್ನುವ ಹಸಿರು ಹುಳವನ್ನು ಕಾಲಲ್ಲಿ ತಬ್ಬಿಕೊಂಡು ತಂದರೆ ಕುಂಬಾರ ಹುಳದ ಬಳಗ. ರಿಂಕಿಯಂ ಎಂಬ ಕೆಂಗಂದು ಮೈಯ, ಕಪ್ಪು ಪಟ್ಟೆಯ ಕಣಜ ಬಿದಿರಿನ ಕೊಳವೆಗಳಿಗೆ ಖುಷಿಯಿಂದ ಬರುತ್ತದೆ. ಸಣ್ಣ ಜೇಡಗಳನ್ನು ತಂದು ತುಂಬಿದರೆ ಟ್ರೈಪಾಕ್ಸಿಲಾನ್, ತೆಳ್ಳಗೆ ಕಪ್ಪಗೆ ಇರುತ್ತದೆ, ಸಪೂರವಾದ ಕೊಳವೆಗಳೇ ಅದಕ್ಕೆ ಬೇಕು. ತಂದ ಹುಳ ಸತ್ತಿರುವುದಿಲ್ಲ, ಕುಟುಕಿ ಮರಗಟ್ಟಿಸಿರುತ್ತದೆ, ಮರಿಗೆ ತಾಜಾ ಊಟ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆಯ ಮುಂದೆ ಕೂತರೆ ಲೋಟ ಖಾಲಿಯಾಗುವಷ್ಟರಲ್ಲಿ ಯಾರು ಏನು ತರುತ್ತಿದ್ದಾರೆ ಅಂತ ಗೊತ್ತಾಗುತ್ತದೆ.

ಕಪ್ಪಗೆ, ಹೊಳೆಯುವ, ಮುಟ್ಟಿದರೆ ಜಿಗುಟಾದ ಮುಚ್ಚಳ ಇದ್ದರೆ ಮರದ ಅಂಟು ಬಳಸುವ ಮೆಗಾಕೈಲ್ ಜೇನು. ನಮ್ಮ ಪೆಟ್ಟಿಗೆಗೆ ಇನ್ನೂ ಬಂದಿಲ್ಲ, ಕಾಯುತ್ತಿದ್ದೇನೆ. ಇನ್ನು ಸಣ್ಣ ಕಲ್ಲು, ಒಣ ಎಲೆ, ಕಸಕಡ್ಡಿ ಎಲ್ಲ ಸೇರಿಸಿ ತುರುಕಿದ ಮುಚ್ಚಳ ಕಂಡರೆ ಅದು ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಎಂಬ ಕಣಜ ಇರಬಹುದು. ಹಸಿರು-ನೀಲಿ ಲೋಹದ ಹೊಳಪು, ತೊಡೆ ಕೆಂಪು. ಜಿರಳೆಯ ತಲೆಗೆ ಕುಟುಕಿ, ಅದರ ಮೀಸೆ ಹಿಡಿದು ನಡೆಸಿಕೊಂಡು ಹೋಗಿ ಬಿಲದಲ್ಲಿ ಕೂಡಿಹಾಕಿ ಮೊಟ್ಟೆ ಇಡುತ್ತದೆ. ನಮ್ಮ ಹಿತ್ತಲ ಚರಂಡಿ ಹತ್ತಿರ ಇದನ್ನು ಕಣ್ಣಾರೆ ನೋಡಿದೆ. ಜಿರಳೆ ಸ್ಪ್ರೇ ಹೊಡೆಯುವುದನ್ನು ಅವತ್ತಿನಿಂದ ಹಿತ್ತಲಲ್ಲಿ ಪೂರ್ತಿ ಬಿಟ್ಟಿದ್ದೇವೆ.

ಇಷ್ಟು ಚೆನ್ನಾಗಿರುವಾಗ ಪೆಟ್ಟಿಗೆ ಸಾಧಾರಣ ಅಂತ ಯಾಕೆ ಹೇಳಿದೆ? ಕಾರಣ ಇದೆ.

ಕೊಳವೆಗಳು ಗಿಡ್ಡ. ನಾನು ತಗೊಂಡದ್ದರಲ್ಲಿ 7–8 ಸೆಂ.ಮೀ. ಮಾತ್ರ ಇವೆ. 15 ಸೆಂ.ಮೀ. ಆದರೂ ಬೇಕು. ಇದು ಸುಮ್ನೆ ಅಳತೆಯ ತಕರಾರಲ್ಲ. ಒಂಟಿ ಜೇನು ಕೊಳವೆಯ ಒಳತುದಿಯಲ್ಲಿ ಹೆಣ್ಣು ಮೊಟ್ಟೆ, ಬಾಯಿಯ ಕಡೆ ಗಂಡು ಮೊಟ್ಟೆ ಇಡುತ್ತದೆ. ಗಂಡುಗಳು ಮೊದಲು ಹೊರಗೆ ಬರಬೇಕು, ಅದಕ್ಕೆ. ಕೊಳವೆ ಗಿಡ್ಡವಾದಷ್ಟೂ ಹೆಣ್ಣಿಗೆ ಜಾಗ ಕಡಿಮೆಯಾಗಿ ಗಂಡುಗಳೇ ಜಾಸ್ತಿ ಹುಟ್ಟುತ್ತವೆ. ಗೂಡು ಕಟ್ಟುವುದು ಹೆಣ್ಣು ತಾನೇ? ಜೇನಿಗಾಗಿ ಅಂತ ಮಾರುವ ಪೆಟ್ಟಿಗೆಯಲ್ಲಿ ಇಷ್ಟನ್ನೂ ನೋಡಿಲ್ಲ ಅಂದರೆ ಬೇಜಾರಾಗುತ್ತದೆ.

ಎರಡೂ ಕಡೆ ತೆರೆದ ಕೊಳವೆಗಳು ಬಹಳ ಇದ್ದವು. ಹಿಂದೆ ಬೆಳಕು ಕಾಣುವ ಕೊಳವೆಗೆ ಜೇನು ಸೇರುವುದಿಲ್ಲ. ಒಂದು ತುದಿಯಲ್ಲಿ ಗೆಣ್ಣು ಇರಬೇಕು, ಇಲ್ಲದಿದ್ದರೆ ಹಿಂದೆ ಹಲಗೆ ಒತ್ತಾಗಿ ಕೂತಿರಬೇಕು. ಕೆಲವು ಬಿದಿರಿನ ಬಾಯಿ ಸೀಳಿ ಸಿಬಿರು ಎದ್ದಿತ್ತು, ರೆಕ್ಕೆ ಹರಿಯುವಂಥದ್ದು. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆಯೇ ಆ ಕೊಳವೆಗಳಿಗೆ ಅತಿಥಿಗಳು ಬಂದರು. ಎಲ್ಲಾ ಕೊಳವೆಗಳನ್ನು ಗೋಂದು ಹಾಕಿ ಅಂಟಿಸಿರುವುದು ಎಲ್ಲಕ್ಕಿಂತ ದೊಡ್ಡ ದೋಷ. ಹಳೆಯ ಗೂಡಿನಲ್ಲಿ ನುಸಿ, ಬೂಷ್ಟು, ಜೇನಿನ ಮರಿಗಳನ್ನು ತಿಂದು ಬೆಳೆಯುವ ಪರಾವಲಂಬಿ ಕಣಜಗಳು ಸೇರಿಕೊಳ್ಳುತ್ತವೆ. ವರ್ಷಕ್ಕೊಮ್ಮೆಯಾದರೂ ಮರಿಗಳು ಹೊರಬಂದ ಕೊಳವೆ ತೆಗೆದು ಹೊಸದು ಹಾಕುವಂತಿರಬೇಕು. ಅಂಟಿಸಿದ್ದನ್ನು ತೆಗೆಯುವುದು ಹೇಗೆ?

ಪೈನ್ ಕಾಯಿ ಖಾನೆಗೆ ಯಾವ ಜೇನೂ ಬರಲಿಲ್ಲ. ಬಂದಿದ್ದು ಇರುವೆ, ಜೇಡ, ಒಂದು ಹಲ್ಲಿ. ಹಲ್ಲಿ ಅಲ್ಲೇ ಕೂತು ಮೇಲಿನ ಕೊಳವೆಗೆ ಬರುವವರನ್ನು ಹಿಡಿಯಲು ಶುರು ಮಾಡಿತು. ಆ ಖಾನೆಯನ್ನು ಕಿತ್ತು ಖಾಲಿ ಮಾಡಿದೆ.

ನೇತುಹಾಕಲು ಹಗ್ಗ ಕೊಟ್ಟಿದ್ದಾರೆ, ಅದನ್ನು ಬಳಸಬೇಡಿ. ಗಾಳಿಗೆ ತೂಗಾಡುವ ಗೂಡು ಅವಕ್ಕೆ ಆಗುವುದಿಲ್ಲ. ಗೋಡೆಗೆ ಎರಡು ಮೊಳೆ ಹೊಡೆದು ಬಿಗಿಯಾಗಿ ಕೂರಿಸಿ, ನಮ್ಮ ಎದೆ ಎತ್ತರಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ಇಡೀ ದಿನ ಬಿಸಿಲು ಬೀಳಲಿ ಅಂತ ಜೊತೆಗೆ ಬಂದ ಚೀಟಿಯಲ್ಲಿ ಬರೆದಿದೆ. ಅದು ಚಳಿ ದೇಶದ ಸಲಹೆ. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಹಾಗಿಟ್ಟರೆ ಒಳಗಿನ ಮರಿ ಬೆಂದುಹೋಗುತ್ತದೆ. ಪೂರ್ವಕ್ಕೆ ಮುಖ, ಬೆಳಗಿನ ಬಿಸಿಲು, ಮೇಲೆ ಸಜ್ಜಾ ಇರುವ ಗೋಡೆ, ಮಳೆಯ ಎರಚಲು ಬೀಳದ ಕಡೆ. ಮೈಸೂರಿಗೆ ಇದೇ ಸರಿ. ಇರುವೆ ಹತ್ತದಂತೆ ಮೊಳೆ ಸುತ್ತ ಸ್ವಲ್ಪ ಗ್ರೀಸ್ ಹಚ್ಚಿದರೆ ಸಾಕು.

ಗುರುತು ಹಿಡಿಯಲು ನಾನು ಪೆಟ್ಟಿಗೆಯ ಜೊತೆ ಬಳಸಿದ್ದು ಐನ್ಯಾಚುರಲಿಸ್ಟ್ ಆ್ಯಪ್. ಅದಕ್ಕೂ ಒಂದು ಮಾತು ಹೇಳಲೇಬೇಕು. ದುಡ್ಡು ಇಲ್ಲ. 2008ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು, ಈಗ ಲಾಭಕ್ಕಲ್ಲದ ಸಂಸ್ಥೆ. ಫೋಟೋ ಹಾಕಿದರೆ ಆ್ಯಪ್ ತಾನೇ ಒಂದು ಊಹೆ ಕೊಡುತ್ತದೆ, ಆಮೇಲೆ ತಿಳಿದ ಜನ ನೋಡಿ ಹೌದು ಅಲ್ಲ ಎನ್ನುತ್ತಾರೆ. ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಒಪ್ಪಿದರೆ ಅದಕ್ಕೆ ರಿಸರ್ಚ್ ಗ್ರೇಡ್ ಸಿಗುತ್ತದೆ. ಆದರೆ ಒಂಟಿ ಜೇನಿನ ವಿಷಯದಲ್ಲಿ ಬಹಳ ಸಲ ಮೆಗಾಕೈಲ್, ಅಮೆಜಿಲ್ಲಾ ಅಂತ ಕುಲದ ಹೆಸರಿಗೇ ನಿಲ್ಲುತ್ತದೆ. ನಿರಾಸೆ ಬೇಡ. ಎಷ್ಟೋ ಜಾತಿಗಳನ್ನು ಬೇರ್ಪಡಿಸಲು ಸೂಕ್ಷ್ಮದರ್ಶಕದಲ್ಲಿ ದವಡೆಯನ್ನೋ ಕೂದಲನ್ನೋ ನೋಡಬೇಕಾಗುತ್ತದೆ, ಮೊಬೈಲ್ ಫೋಟೋದಲ್ಲಿ ಅದು ಇರುವುದಿಲ್ಲ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಮುಖ, ಆಮೇಲೆ ಗೂಡಿನ ಮುಚ್ಚಳ, ಇಷ್ಟೂ ಫೋಟೋ ಒಟ್ಟಿಗೆ ಹಾಕಿ. ಮುಚ್ಚಳದ ಫೋಟೋ ಹಾಕಲು ಶುರು ಮಾಡಿದ ಮೇಲೆ ನನಗೆ ಸಿಗುವ ಉತ್ತರಗಳು ಬಹಳ ಚೆನ್ನಾಗಿವೆ. ಮನೆಯ ಜಾಗ ಎಲ್ಲರಿಗೂ ಕಾಣುವುದು ಬೇಡ ಅನಿಸಿದರೆ ಜಾಗವನ್ನು ಮಸುಕು ಮಾಡುವ ಆಯ್ಕೆ ಅದರಲ್ಲೇ ಇದೆ.

ಫೋಟೋ ತೆಗೆಯುವಾಗ ಒಂದು ಸುಲಭ ಪರೀಕ್ಷೆ ನೆನಪಿಡಿ. ಜೇನಿಗೆ, ಕಣಜಕ್ಕೆ ನಾಲ್ಕು ರೆಕ್ಕೆ. ನೊಣಕ್ಕೆ ಎರಡೇ. ಹಳದಿ-ಕಪ್ಪು ಪಟ್ಟೆ ಇದ್ದು, ಕಣ್ಣು ತಲೆ ತುಂಬಾ ಇದ್ದು, ಮೀಸೆ ಚೋಟುದ್ದ ಇದ್ದರೆ ಅದು ಜೇನಿನ ವೇಷದ ಹೂನೊಣ.

ಪೆಟ್ಟಿಗೆಗೆ ಬಾರದೆಯೇ ನಮ್ಮ ಹಿತ್ತಲಲ್ಲಿ ಇರುವವರೂ ಇದ್ದಾರೆ, ಮಾರುವವರು ಇದನ್ನು ಹೇಳುವುದಿಲ್ಲ. ಒಂಟಿ ಜೇನುಗಳಲ್ಲಿ ಬಹುಪಾಲು ನೆಲದೊಳಗೆ ಗೂಡು ಮಾಡುತ್ತವೆ, ಅವಕ್ಕೆ ಯಾವ ಹೋಟೆಲೂ ಬೇಡ. ನನಗೆ ಅತಿ ಇಷ್ಟದ್ದು ನೀಲಿ ಪಟ್ಟೆ ಜೇನು, ಅಮೆಜಿಲ್ಲಾ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳು, ಅತ್ತಿಂದಿತ್ತ ಚುರುಕಾಗಿ ಹಾರಾಟ, ಜೋರು ಝೇಂಕಾರ. ಹಳೆ ಮನೆಗಳ ಮಣ್ಣಿನ ಗೋಡೆ, ಮೆತ್ತನೆ ನೆಲ ಅದಕ್ಕೆ ಇಷ್ಟ. ಬದನೆ ಹೂವಿನ ಪರಾಗ ತುದಿಯಲ್ಲಿ ಪುಟ್ಟ ರಂಧ್ರವಿರುವ ಚೀಲದ ಒಳಗೆ ಇರುತ್ತದೆ, ಸುಮ್ಮನೆ ಕೂತರೆ ಉದುರುವುದಿಲ್ಲ. ಈ ಜೇನು ಹೂವನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸುತ್ತದೆ, ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ನಮ್ಮ ಈರನಗೆರೆ ಬದನೆಗೆ ಹೆಸರು ಬಂದಿರುವುದರಲ್ಲಿ ಇಂಥ ಜೇನುಗಳ ಪಾಲೂ ಇದೆ ಅಂತ ನಾನು ನಂಬಿದ್ದೇನೆ. ಸಂಜೆ ಕತ್ತಲಾಗುವ ಹೊತ್ತಿಗೆ ಗಂಡು ಜೇನುಗಳು ಒಣ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ನಮ್ಮಲ್ಲಿ ತುಳಸಿಯ ಒಣ ತೆನೆಯ ಮೇಲೆ. ಫೋಟೋಗೆ ಅದಕ್ಕಿಂತ ಒಳ್ಳೆ ಸಮಯವಿಲ್ಲ. ಈ ಜೇನಿನ ಗೂಡಿನ ಸುತ್ತ ಕಪ್ಪು ಮೈಗೆ ತಿಳಿನೀಲಿ ಚುಕ್ಕೆಗಳಿರುವ ತೈರಿಯಸ್ ಸುಳಿದಾಡುತ್ತಿದ್ದರೆ ಅದು ಕಳ್ಳ ಜೇನು, ಕೋಗಿಲೆಯ ಬುದ್ಧಿ. ಅಮೆಜಿಲ್ಲಾ ಗೂಡಿನಲ್ಲಿ ತನ್ನ ಮೊಟ್ಟೆ ಇಡುತ್ತದೆ.

ನೆಲದಲ್ಲಿ ಇವುಗಳಿಗೆ ಜಾಗ ಬೇಕಾದರೆ ಹಿತ್ತಲಿಗೆಲ್ಲ ಟೈಲ್ಸ್ ಹಾಕಿಸಬೇಡಿ. ಒಂದು ಮೂಲೆಯಲ್ಲಿ ಬರೀ ಮಣ್ಣು ಬಿಡಿ. ಒಣಗಿದ ಗುಲಾಬಿ, ಲಂಟಾನ ಕಡ್ಡಿಗಳನ್ನು ಕತ್ತರಿಸಿ ತುದಿಯ ಬೆಂಡು ಕಾಣುವಂತೆ ನಿಲ್ಲಿಸಿದರೆ ಸೆರಟೀನಾ ಅನ್ನುವ ಪುಟಾಣಿ ಜೇನು ಅದನ್ನು ಕೊರೆದು ಸೇರಿಕೊಳ್ಳುತ್ತದೆ. ಖರ್ಚು ಸೊನ್ನೆ.

ದೊಡ್ಡ ಕಪ್ಪು ದುಂಬಿಯನ್ನು, ಅಂದರೆ ಝೈಲೊಕೋಪವನ್ನು ಎಲ್ಲರೂ ನೋಡಿರುತ್ತೀರಿ. ಹಳೆಯ ತೊಲೆಯಲ್ಲಿ ಅಥವಾ ದಪ್ಪ ಬಿದಿರಿನಲ್ಲಿ ದುಂಡನೆ ತೂತು, ಕೆಳಗೆ ಮರದ ಪುಡಿ. ಮರವನ್ನು ತಿನ್ನುವುದಿಲ್ಲ, ಗೂಡಿಗಾಗಿ ಕೊರೆಯುತ್ತದೆ. ಮುಖದ ಎದುರು ಬಂದು ಗುಂಯ್ ಅಂತ ನಿಲ್ಲುವುದು ಸಾಮಾನ್ಯವಾಗಿ ಗಂಡು, ಅದಕ್ಕೆ ಕೊಂಡಿಯೇ ಇಲ್ಲ. ಈ ಪೆಟ್ಟಿಗೆಯ ಸಣ್ಣ ಕೊಳವೆಗಳಲ್ಲಿ ಅದು ಹಿಡಿಸುವುದೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಗೋಡೆಯ ಮೇಲಿನ ಗೂಡು ಮಣ್ಣಿನದೋ ಕಾಗದದಂಥದ್ದೋ ನೋಡಿ. ಮಣ್ಣಿನದಾದರೆ ಒಂಟಿ ಕಣಜ. ಎಳೆಯಂಥ ಸೊಂಟದ, ಹಳದಿ-ಕಪ್ಪು ಸೆಲಿಫ್ರಾನ್ ಎಂಬ ಕಣಜ ಪರದೆಯ ಹಿಂದೆ, ಮೀಟರ್ ಬೋರ್ಡಿನ ಮೇಲೆ ಕಟ್ಟುವುದು ಇದನ್ನೇ. ಸುಮ್ಮನೆ ಬಿಟ್ಟುಬಿಡಿ. ದುಂಡನೆಯ ತೂತು ಬಿದ್ದಿದ್ದರೆ ಮರಿ ಆಗಲೇ ಹೊರಗೆ ಹೋಗಿದೆ, ಕೆರೆದು ತೆಗೆಯಬಹುದು. ಬೂದು ಬಣ್ಣದ ಕಾಗದದಂತಿದ್ದು ಆರು ಮೂಲೆಯ ಕೋಣೆಗಳು ಕಂಡರೆ ಅದು ಗುಂಪಾಗಿ ಬಾಳುವ ಕಣಜ, ಗೂಡಿನ ಹತ್ತಿರ ಹೋದರೆ ಸುಮ್ಮನಿರುವುದಿಲ್ಲ. ಕಡಜದ ದೊಡ್ಡ ಗೂಡು, ಹೆಜ್ಜೇನಿನ ಗೂಡು ಇದ್ದರೆ ದೂರ ಇರಿ, ಕೋಲು ಬೆಂಕಿ ಹಿಡಿದು ಹೋಗಬೇಡಿ, ಗೊತ್ತಿರುವವರನ್ನು ಕರೆಸಿ.

ಹಾಗಾದರೆ ತಗೊಳ್ಳಬೇಕಾ? ಕೊಳವೆ ಹೊರತೆಗೆಯಲು ಬರುವಂತಿದ್ದು, 15 ಸೆಂ.ಮೀ. ಉದ್ದ ಇದ್ದು, ಹಿಂದೆ ಮುಚ್ಚಿದ್ದರೆ ತಗೊಳ್ಳಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಬೇಡ, ಎಷ್ಟೇ ಚಂದ ಕಂಡರೂ ಬೇಡ. ನನ್ನದಕ್ಕೆ ಐದರಲ್ಲಿ ಎರಡೂವರೆ ನಕ್ಷತ್ರ ಕೊಡುತ್ತೇನೆ.

ಮೈಸೂರಿನವರಿಗೆ ಇನ್ನೊಂದು ದಾರಿ ಇದೆ. ಬಂಬೂ ಬಜಾರಿಗೆ ಹೋಗಿ ಬಿದಿರು ಮಾರುವವರ ಹತ್ತಿರ ತೆಳು ಬಿದಿರು, ವಾಟೆ ತುಂಡು ಕೇಳಿ. ಒಳಗಿನ ತೂತು 4ರಿಂದ 10 ಮಿ.ಮೀ. ತನಕ ಬೇರೆ ಬೇರೆ ಅಳತೆಯದು ಇರಲಿ. ಗೆಣ್ಣು ಒಂದು ತುದಿಗೆ ಬರುವ ಹಾಗೆ ಕತ್ತರಿಸಿಕೊಡಿ ಅಂತ ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಹಳೆಯ ಡಬ್ಬಿಯೊಂದರಲ್ಲಿ ಬಿಗಿಯಾಗಿ ತುರುಕಿ ಗೋಡೆಗೆ ಮಲಗಿಸಿ ಕಟ್ಟಿ. ಕತ್ತಿಯಲ್ಲಿ ಹೊಡೆದರೆ ಬಾಯಿ ಸೀಳುತ್ತದೆ, ಹ್ಯಾಕ್ಸಾ ಬ್ಲೇಡಿನಲ್ಲೇ ಕೊಯ್ದುಕೊಡಲು ಹೇಳಿ. ಮಳೆ ಮುಗಿದು ಅವರೆ, ತೊಗರಿ ಹೂ ಬಿಡುವುದಕ್ಕೆ ಮೊದಲೇ ಹಾಕಿದರೆ ಆ ವರ್ಷವೇ ಮುಚ್ಚಳ ಕಾಣುತ್ತದೆ.